ಓಡುತ್ತಿರುವ ಆ್ಯಪ್‌ಗೆ ಪ್ಲಗಿನ್ ಸೇರಿಸುವುದು ಹೇಗೆ: ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ

ನೀವು ಸಿ++ ನಲ್ಲಿ ಒಂದು ಟೆಕ್ಸ್ಟ್ ಎಡಿಟರ್ ಬರೆದಿದ್ದೀರಿ ಅಂದುಕೊಳ್ಳಿ. ಅದು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಒಂದು ದಿನ ಯಾರೋ ಕೇಳುತ್ತಾರೆ: "ನಮ್ಮ ಹತ್ರ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್‌ಗಳು ರಾಶಿ ಇವೆ. ಇದರಲ್ಲೇ ಯೂನಿಕೋಡ್‌ಗೆ ಬದಲಿಸೋಕೆ ಆಗುತ್ತಾ?" ಇನ್ನೊಬ್ಬರಿಗೆ ಕಾಗುಣಿತದ ತಪ್ಪು ತೋರಿಸಬೇಕು. ಮತ್ತೊಬ್ಬರಿಗೆ ಪದ್ಯದ ಮಾತ್ರೆ ಎಣಿಸಬೇಕು. ಇದೆಲ್ಲವನ್ನೂ ಎಡಿಟರ್ ಒಳಗೇ ತುಂಬುತ್ತಾ ಹೋದರೆ ಅದು ನಿಮ್ಮ ಕೈ ಮೀರುತ್ತದೆ. ಅದರ ಬದಲು ಒಂದು ಬಾಗಿಲು ಬಿಟ್ಟರೆ ಸಾಕು. ಬೇಕಾದವರು ಬೇಕಾದ್ದನ್ನು ತಾವೇ ಬರೆದು ಸೇರಿಸಿಕೊಳ್ಳುತ್ತಾರೆ. ಆ ಬಾಗಿಲೇ ಪ್ಲಗಿನ್ ವ್ಯವಸ್ಥೆ.

ಪ್ಲಗಿನ್ ಲೋಡ್ ಮಾಡುವ ಕೋಡ್ ಹತ್ತಿಪ್ಪತ್ತು ಸಾಲು ದಾಟುವುದಿಲ್ಲ. ಕಷ್ಟ ಬರುವುದು ಬೇರೆ ಕಡೆಯಿಂದ. ನಿಮಗೆ ಪರಿಚಯವೇ ಇಲ್ಲದವರು, ಬೇರೆ ಕಂಪೈಲರ್ ಬಳಸಿ, ಎರಡು ವರ್ಷ ಬಿಟ್ಟು ಕಟ್ಟಿದ ಫೈಲ್ ಒಂದು ನಿಮ್ಮ ಆ್ಯಪ್ ಒಳಗೆ ಬಂದು ಕೂರುತ್ತದೆ. ಇಬ್ಬರ ನಡುವೆ ಮಾತು ಪಕ್ಕಾ ಆಗಿರಬೇಕು ಅಲ್ವಾ? ಹಾಗಾಗಿ ಇಲ್ಲಿ ಲೋಡ್ ಮಾಡುವ ಹಂತಕ್ಕಿಂತ ಅದರ ಹಿಂದು ಮುಂದಿನ ಹಂತಗಳಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉದಾಹರಣೆಗೆ ಆ ನುಡಿ ಪ್ಲಗಿನ್ನನ್ನೇ ಇಟ್ಟುಕೊಳ್ಳೋಣ.

ಹಂತ 1: ಮೊದಲು ಒಪ್ಪಂದ ಬರೆಯಿರಿ

ಎಲ್ಲರಿಗೂ ಮೊದಲು ಹೊಳೆಯುವುದು ಸಿ++ ಕ್ಲಾಸ್. ಒಂದು ಬೇಸ್ ಕ್ಲಾಸ್ ಮಾಡಿ, ಪ್ಲಗಿನ್ ಅದನ್ನು ಇನ್‌ಹೆರಿಟ್ ಮಾಡಲಿ ಅನ್ನುತ್ತೇವೆ. ಎರಡೂ ಕಡೆ ಒಂದೇ ಕಂಪೈಲರ್, ಒಂದೇ ಆವೃತ್ತಿ, ಒಂದೇ ಸೆಟ್ಟಿಂಗ್ ಇದ್ದರೆ ಅದು ನಡೆಯುತ್ತದೆ. ಹೊರಗಿನವರು ಬರೆಯುವ ಪ್ಲಗಿನ್‌ಗೆ ಈ ಖಾತರಿ ಇಲ್ಲ. ಸಿ++ ಕಂಪೈಲರ್ ಫಂಕ್ಷನ್ ಹೆಸರನ್ನು ತನ್ನದೇ ರೀತಿಯಲ್ಲಿ ತಿರುಚಿ ಬರೆಯುತ್ತದೆ. ಇದಕ್ಕೆ ನೇಮ್ ಮ್ಯಾಂಗ್ಲಿಂಗ್ ಅನ್ನುತ್ತಾರೆ. ಮೈಕ್ರೋಸಾಫ್ಟ್ ಕಂಪೈಲರ್ ತಿರುಚುವ ರೀತಿ ಒಂದು, ಲಿನಕ್ಸ್‌ನಲ್ಲಿ ಹೆಚ್ಚು ಬಳಸುವ ಜಿಸಿಸಿ ಕಂಪೈಲರ್‌ನದು ಇನ್ನೊಂದು. ಸ್ಟ್ರಿಂಗ್, ವೆಕ್ಟರ್ ಇವುಗಳ ಒಳಗಿನ ಜೋಡಣೆಯೂ ಒಂದೇ ಅಲ್ಲ. ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಂತೂ ಡೀಬಗ್ ಬಿಲ್ಡ್‌ಗೂ ರಿಲೀಸ್ ಬಿಲ್ಡ್‌ಗೂ ನಡುವೆಯೇ ವ್ಯತ್ಯಾಸ ಇರುತ್ತದೆ.

ಆದ್ದರಿಂದ ಗಡಿಯಲ್ಲಿ ಸಾದಾ ಸಿ ಮಾತ್ರ ಇರಲಿ. ಒಳಗೆ ಎರಡೂ ಕಡೆಯವರು ಏನು ಬೇಕಾದರೂ ಬಳಸಲಿ. ಒಂದು ಹೆಡರ್ ಫೈಲ್ ಮಾಡಿ. ಪ್ಲಗಿನ್‌ನಿಂದ ಹೊರಗೆ ಕಾಣುವ ಫಂಕ್ಷನ್ ಒಂದೇ ಒಂದು ಇರಲಿ. ಅದರ ಹೆಸರು ಪ್ಲಗಿನ್_ಎಂಟ್ರಿ ಅಂತಿಟ್ಟುಕೊಳ್ಳೋಣ. ಅದನ್ನು ಎಕ್ಸ್‌ಟರ್ನ್ ಸಿ ಅಂತ ಘೋಷಿಸಿ. ಆಗ ಹೆಸರು ತಿರುಚಿಕೊಳ್ಳುವುದಿಲ್ಲ. ಈ ಫಂಕ್ಷನ್ ಒಂದು ಸ್ಟ್ರಕ್ಟ್‌ಗೆ ಪಾಯಿಂಟರ್ ಕೊಡುತ್ತದೆ. ಆ ಸ್ಟ್ರಕ್ಟ್‌ನಲ್ಲಿ ಮೊದಲನೆಯದು ಅದರದೇ ಗಾತ್ರ, ಎರಡನೆಯದು ಒಪ್ಪಂದದ ಆವೃತ್ತಿ. ಆಮೇಲೆ ಪ್ಲಗಿನ್ ಹೆಸರು, ಶುರು ಮಾಡುವ ಫಂಕ್ಷನ್, ಪಠ್ಯ ಬದಲಿಸುವ ಫಂಕ್ಷನ್, ನಿಲ್ಲಿಸುವ ಫಂಕ್ಷನ್.

ಗಾತ್ರ ಮೊದಲು ಯಾಕೆ? ಮುಂದಿನ ವರ್ಷ ನೀವು ಸ್ಟ್ರಕ್ಟ್‌ನ ಕೊನೆಗೆ ಇನ್ನೊಂದು ಫಂಕ್ಷನ್ ಸೇರಿಸುತ್ತೀರಿ. ಹಳೆಯ ಪ್ಲಗಿನ್‌ನ ಸ್ಟ್ರಕ್ಟ್ ಚಿಕ್ಕದಾಗಿಯೇ ಇರುತ್ತದೆ. ಗಾತ್ರ ನೋಡಿದರೆ ಹೊಸ ಫಂಕ್ಷನ್ ಅದರಲ್ಲಿ ಇಲ್ಲ ಅಂತ ಎಡಿಟರ್‌ಗೆ ಗೊತ್ತಾಗುತ್ತದೆ, ಅದನ್ನು ಕರೆಯುವುದಿಲ್ಲ. ಆದರೆ ನಡುವೆ ಏನನ್ನೂ ತುರುಕಬೇಡಿ, ಇದ್ದದ್ದನ್ನು ತೆಗೆಯಲೂ ಬೇಡಿ. ಹಾಗೆ ಮಾಡಲೇಬೇಕಾಗಿ ಬಂದರೆ ಆವೃತ್ತಿ ಸಂಖ್ಯೆ ಏರಿಸಿ, ಹಳೆಯ ಪ್ಲಗಿನ್‌ಗಳಿಗೆ ಬೇಡ ಅನ್ನಿ.

ಸಂಖ್ಯೆಗಳ ವಿಷಯದಲ್ಲಿ ಒಂದು ಎಚ್ಚರ. 64 ಬಿಟ್ ವಿಂಡೋಸ್‌ನಲ್ಲಿ ಲಾಂಗ್ ಅಂದರೆ 4 ಬೈಟ್. 64 ಬಿಟ್ ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ 8 ಬೈಟ್. ಹಾಗಾಗಿ ಹೆಡರ್‌ನಲ್ಲಿ ಲಾಂಗ್ ಬೇಡ. ಇಂಟ್32_ಟಿ, ಯುಇಂಟ್64_ಟಿ ಥರದ, ಗಾತ್ರ ಹೆಸರಲ್ಲೇ ಇರುವ ಟೈಪ್‌ಗಳನ್ನೇ ಬಳಸಿ.

ಇನ್ನು ಪಠ್ಯ ದಾಟಿಸುವುದು. ನಮ್ಮ ಉದಾಹರಣೆ ಇಲ್ಲಿ ತುಂಬಾ ಕಲಿಸುತ್ತದೆ. ಹಳೆಯ ಫಾಂಟ್‌ನ ಫೈಲ್‌ನಲ್ಲಿ ಅಕ್ಷರದ ಒಂದೊಂದು ತುಂಡಿಗೂ ಒಂದೊಂದು ಬೈಟ್. ಯೂನಿಕೋಡ್‌ಗೆ ಬಂದ ಮೇಲೆ, ಯುಟಿಎಫ್-8 ನಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್‌ಗೆ (ಯೂನಿಕೋಡ್ ಒಂದೊಂದು ಚಿಹ್ನೆಗೂ ಕೊಟ್ಟಿರುವ ಸಂಖ್ಯೆ) 3 ಬೈಟ್ ಬೇಕು. "ಕ್ಷ" ಅನ್ನುವುದರಲ್ಲಿ ಕ, ವಿರಾಮ (ಸ್ವರ ತೆಗೆಯುವ ಗುರುತು), ಷ ಅಂತ ಮೂರು ಕೋಡ್‌ಪಾಯಿಂಟ್ ಇವೆ. ಅಂದರೆ 9 ಬೈಟ್. ಹೀಗಾಗಿ ಒಳಗೆ ಹೋದ ಪಠ್ಯ ಹೊರಗೆ ಬರುವಾಗ ಎಷ್ಟು ದೊಡ್ಡದಾಗುತ್ತದೆ ಅಂತ ಎಡಿಟರ್‌ಗೆ ಮೊದಲೇ ಗೊತ್ತಿರುವುದಿಲ್ಲ. ಹಾಗಾದರೆ ಆ ಮೆಮೊರಿ ಯಾರು ತೆಗೆದುಕೊಳ್ಳಬೇಕು? ಯಾರು ಬಿಡಬೇಕು?

ಪ್ಲಗಿನ್ ಮ್ಯಾಲಕ್ ಮಾಡಿ, ಎಡಿಟರ್ ಫ್ರೀ ಮಾಡುವುದು ಮಾತ್ರ ಬೇಡವೇ ಬೇಡ. ವಿಂಡೋಸ್‌ನಲ್ಲಿ ಪ್ಲಗಿನ್ ತನ್ನದೇ ಸಿ ರನ್‌ಟೈಮ್ ಜೊತೆ ಕಟ್ಟಿರಬಹುದು. ಆಗ ಅದರ ಹೀಪ್ (ಮ್ಯಾಲಕ್ ಮೆಮೊರಿ ತೆಗೆದುಕೊಳ್ಳುವ ಜಾಗ) ಬೇರೆ, ನಿಮ್ಮ ಹೀಪ್ ಬೇರೆ. ಒಂದರಲ್ಲಿ ತೆಗೆದದ್ದನ್ನು ಇನ್ನೊಂದರಲ್ಲಿ ಬಿಟ್ಟರೆ ಮೆಮೊರಿ ಕೆಡುತ್ತದೆ. ಕ್ರ್ಯಾಶ್ ಆಗುವುದು ಎಷ್ಟೋ ಹೊತ್ತಿನ ಮೇಲೆ, ಸಂಬಂಧವೇ ಇಲ್ಲದ ಜಾಗದಲ್ಲಿ. ಲಿನಕ್ಸ್‌ನಲ್ಲಿ ಅದೇ ಕೋಡ್ ಸಾಮಾನ್ಯವಾಗಿ ಸರಿಯಾಗಿ ಓಡಿಬಿಡುತ್ತದೆ. ಹಾಗಾಗಿ ತಪ್ಪು ಅಲ್ಲೇ ಅಡಗಿ ಕೂರುತ್ತದೆ.

ನನಗೆ ಹಿಡಿಸಿದ ದಾರಿ ಇದು. ಎಡಿಟರ್ ತನ್ನ ಕಡೆಯಿಂದ "ಬರೆ" ಅನ್ನುವ ಒಂದು ಫಂಕ್ಷನ್ ಪಾಯಿಂಟರನ್ನು ಪ್ಲಗಿನ್‌ಗೆ ಕೊಡಲಿ. ಪ್ಲಗಿನ್ ಪಠ್ಯವನ್ನು ತುಂಡು ತುಂಡಾಗಿ ಬದಲಿಸುತ್ತಾ, ಪ್ರತಿ ತುಂಡಿಗೂ ಅದನ್ನು ಕರೆಯಲಿ. ಎಡಿಟರ್ ಆ ಬೈಟ್‌ಗಳನ್ನು ತನ್ನ ಬಫರ್‌ಗೆ ಸೇರಿಸಿಕೊಳ್ಳಲಿ. ಮೆಮೊರಿಯ ಒಡೆತನ ಗಡಿ ದಾಟುವುದೇ ಇಲ್ಲ. ಒಳಗೆ ಹೋಗುವ ಪಠ್ಯಕ್ಕೂ ಪಾಯಿಂಟರ್ ಜೊತೆ ಉದ್ದ ಕೊಡಿ. ಕೊನೆಯ ಸೊನ್ನೆಯನ್ನು ನಂಬಿಕೊಳ್ಳಬೇಡಿ.

ಎಕ್ಸೆಪ್ಶನ್ ಕೂಡ ಗಡಿ ದಾಟಬಾರದು. ಪ್ಲಗಿನ್‌ನ ಪ್ರತಿ ಫಂಕ್ಷನ್ ಎಲ್ಲವನ್ನೂ ಒಳಗೇ ಹಿಡಿದು, ಒಂದು ಸಂಖ್ಯೆ ವಾಪಸ್ ಕೊಡಲಿ. 0 ಅಂದರೆ ಸರಿ, ಬೇರೆ ಏನೇ ಆದರೂ ತಪ್ಪು. ಎಡಿಟರ್ ಕೊಡುವ "ಬರೆ" ಫಂಕ್ಷನ್‌ಗೂ ಇದೇ ನಿಯಮ.

ಹಂತ 2: ಪ್ಲಗಿನ್ ಕಟ್ಟುವುದು

ವಿಂಡೋಸ್‌ನಲ್ಲಿ ನೀವು ಹೇಳದೆ ಯಾವ ಫಂಕ್ಷನ್ನೂ ಹೊರಗೆ ಕಾಣುವುದಿಲ್ಲ. ಡಿಕ್ಲ್‌ಸ್ಪೆಕ್ ಡಿಎಲ್‌ಎಲ್‌ಎಕ್ಸ್‌ಪೋರ್ಟ್ ಹಾಕಬೇಕು. ಲಿನಕ್ಸ್, ಮ್ಯಾಕ್‌ನಲ್ಲಿ ತಿರುಗಾಮುರುಗಾ: ಸುಮ್ನೆ ಬಿಟ್ಟರೆ ಎಲ್ಲವೂ ಕಾಣುತ್ತದೆ. ಅಲ್ಲಿ ವಿಸಿಬಿಲಿಟಿ ಹಿಡನ್ ಅನ್ನುವ ಕಂಪೈಲರ್ ಆಯ್ಕೆ ಕೊಟ್ಟು ಎಲ್ಲವನ್ನೂ ಮುಚ್ಚಿ. ಪ್ಲಗಿನ್_ಎಂಟ್ರಿ ಒಂದಕ್ಕೆ ಮಾತ್ರ ವಿಸಿಬಿಲಿಟಿ ಡೀಫಾಲ್ಟ್ ಕೊಡಿ. ಎರಡನ್ನೂ ಒಂದು ಮ್ಯಾಕ್ರೋ ಒಳಗಿಟ್ಟು ಹೆಡರ್‌ನಲ್ಲೇ ಕೊಟ್ಟರೆ ಪ್ಲಗಿನ್ ಬರೆಯುವವರಿಗೆ ತಲೆನೋವಿಲ್ಲ.

ಕಟ್ಟಲು ಸಿಮೇಕ್ ಅನ್ನುವ ಬಿಲ್ಡ್ ಸಾಧನ ಬಳಸುವವರು ಲೈಬ್ರರಿಯನ್ನು ಶೇರ್ಡ್ ಅಂತ ಹಾಕದೆ ಮಾಡ್ಯೂಲ್ ಅಂತ ಹಾಕಿ. ಓಡುವಾಗ ಲೋಡ್ ಆಗುವ ಫೈಲ್‌ಗಳಿಗೆ ಇರುವುದೇ ಅದು. ಇಲ್ಲಿ ಒಂದು ಸೂಕ್ಷ್ಮ ಇದೆ. ಮ್ಯಾಕ್‌ನಲ್ಲಿ ಶೇರ್ಡ್ ಲೈಬ್ರರಿಗೆ ಡೈಲಿಬ್ ಅನ್ನುವ ಬಾಲ ಬರುತ್ತದೆ. ಆದರೆ ಸಿಮೇಕ್ ಅಲ್ಲಿ ಮಾಡ್ಯೂಲ್‌ಗೆ ಎಸ್‌ಒ ಬಾಲವನ್ನೇ ಹಾಕುತ್ತದೆ. ನಿಮ್ಮ ಎಡಿಟರ್ ಡೈಲಿಬ್ ಮಾತ್ರ ಹುಡುಕುತ್ತಿದ್ದರೆ ಪ್ಲಗಿನ್ ಫೋಲ್ಡರ್‌ನಲ್ಲಿದ್ದರೂ ಕಾಣುವುದಿಲ್ಲ. ಪ್ರಿಫಿಕ್ಸ್, ಸಫಿಕ್ಸ್ ಎರಡನ್ನೂ ನೀವೇ ಗೊತ್ತು ಮಾಡಿ ಬರೆದುಬಿಡಿ. ಹೆಸರಿನ ಮುಂದಿನ "ಲಿಬ್" ಕೂಡ ತೆಗೆದುಹಾಕಿ.

ಲಿನಕ್ಸ್‌ಗೆ ಕಟ್ಟುವಾಗ ಆದಷ್ಟು ಹಳೆಯ ಡಿಸ್ಟ್ರಿಬ್ಯೂಷನ್‌ನಲ್ಲಿ ಕಟ್ಟಿ. ಹೊಸ ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಮೇಲೆ ಕಟ್ಟಿದ್ದು ಹಳೆಯದರ ಮೇಲೆ ಲೋಡ್ ಆಗದೇ ಹೋಗಬಹುದು. ಹಳೆಯದರ ಮೇಲೆ ಕಟ್ಟಿದ್ದು ಹೊಸದರ ಮೇಲೆ ಓಡುತ್ತದೆ.

ಹಂತ 3: ಎಲ್ಲಿ ಹುಡುಕಬೇಕು

ಎರಡು ಜಾಗ ಸಾಕು. ಒಂದು, ಆ್ಯಪ್ ಜೊತೆಗೇ ಬರುವ ಪ್ಲಗಿನ್‌ಗಳ ಫೋಲ್ಡರ್. ಇನ್ನೊಂದು, ಬಳಸುವವರು ತಾವೇ ಹಾಕಿಕೊಳ್ಳುವ ಫೋಲ್ಡರ್. ಆ್ಯಪ್ ಎಲ್ಲಿದೆ ಅಂತ ತಿಳಿಯಲು ವಿಂಡೋಸ್‌ನಲ್ಲಿ ಗೆಟ್‌ಮಾಡ್ಯೂಲ್‌ಫೈಲ್‌ನೇಮ್‌ಡಬ್ಲ್ಯೂ ಇದೆ. ಲಿನಕ್ಸ್‌ನಲ್ಲಿ ಪ್ರಾಕ್ ಒಳಗಿನ ಸೆಲ್ಫ್ ಫೋಲ್ಡರ್‌ನಲ್ಲಿರುವ ಎಕ್ಸ್ಇ ಲಿಂಕ್ ಓದಿ. ಮ್ಯಾಕ್‌ನಲ್ಲಿ ಎನ್‌ಎಸ್‌ಗೆಟ್‌ಎಕ್ಸಿಕ್ಯೂಟಬಲ್‌ಪಾತ್ ಬಳಸಿ. ಈಗ ತೆರೆದಿರುವ ಫೋಲ್ಡರ್‌ನಿಂದ ಮಾತ್ರ ಏನನ್ನೂ ಲೋಡ್ ಮಾಡಬೇಡಿ. ಯಾರೋ ಕಳಿಸಿದ ಜಿಪ್ ಬಿಚ್ಚಿ, ಅದರೊಳಗಿನ ಪಠ್ಯ ತೆರೆದರೆ, ಪಕ್ಕದಲ್ಲಿದ್ದ ಕೇಡಿನ ಡಿಎಲ್‌ಎಲ್ (ವಿಂಡೋಸ್‌ನ ಶೇರ್ಡ್ ಲೈಬ್ರರಿ ಫೈಲ್) ಕೂಡ ಲೋಡ್ ಆದೀತು.

ಫೈಲ್ ಸಿಕ್ಕ ತಕ್ಷಣ ಲೋಡ್ ಮಾಡಬೇಡಿ. ಲೋಡ್ ಮಾಡುವುದು ಅಂದರೆ ಓಡಿಸುವುದೇ. ಪ್ಲಗಿನ್‌ನೊಳಗಿನ ಗ್ಲೋಬಲ್ ಆಬ್ಜೆಕ್ಟ್‌ಗಳ ಕನ್‌ಸ್ಟ್ರಕ್ಟರ್‌ಗಳು ನೀವು ಪ್ಲಗಿನ್_ಎಂಟ್ರಿ ಕರೆಯುವ ಮೊದಲೇ ಓಡಿರುತ್ತವೆ. ಆಮೇಲೆ "ಈ ಆವೃತ್ತಿ ನಮಗೆ ಬೇಡ" ಅಂದರೆ ತಡವಾಯಿತು. ಅದಕ್ಕೇ ಪ್ರತಿ ಪ್ಲಗಿನ್ ಜೊತೆ ಒಂದು ಪುಟ್ಟ ಜೇಸನ್ ಫೈಲ್ ಇರಲಿ. ಅದರಲ್ಲಿ ಹೆಸರು, ಆವೃತ್ತಿ, ಯಾವ ಒಪ್ಪಂದಕ್ಕೆ ಬರೆದದ್ದು ಅನ್ನುವುದಿರಲಿ. ಮೊದಲು ಅದನ್ನು ಓದಿ, ಹೊಂದಿದರೆ ಮಾತ್ರ ಮುಂದಕ್ಕೆ ಹೋಗಿ. ಬಳಸುವವರು ಆ ಪ್ಲಗಿನ್ನನ್ನು ಮುಟ್ಟಿದಾಗಷ್ಟೇ ಲೋಡ್ ಮಾಡಿದರೆ ಇನ್ನೂ ಒಳ್ಳೆಯದು. ಎಡಿಟರ್ ಬೇಗ ತೆರೆದುಕೊಳ್ಳುತ್ತದೆ.

ಹಂತ 4: ಲೋಡ್ ಮಾಡುವುದು

ಲಿನಕ್ಸ್, ಮ್ಯಾಕ್ ಎರಡರಲ್ಲೂ ಡಿಎಲ್‌ಓಪನ್. ಫೈಲ್‌ನ ಪೂರ್ತಿ ಹಾದಿ ಕೊಡಿ. ಹೆಸರಿನಲ್ಲಿ ಓರೆಗೆರೆ ಇಲ್ಲದಿದ್ದರೆ ಅದು ಸಿಸ್ಟಮ್ ಲೈಬ್ರರಿಗಳ ಜಾಗದಲ್ಲಿ ಹುಡುಕಲು ಹೋಗುತ್ತದೆ. ಆರ್‌ಟಿಎಲ್‌ಡಿ_ನೌ ಮತ್ತು ಆರ್‌ಟಿಎಲ್‌ಡಿ_ಲೋಕಲ್ ಎರಡನ್ನೂ ಸೇರಿಸಿ ಕೊಡಿ. ನೌ ಕೊಟ್ಟರೆ, ಬೇಕಾದ ಫಂಕ್ಷನ್ ಒಂದು ಸಿಗದಿದ್ದರೂ ಈಗಲೇ ಗೊತ್ತಾಗುತ್ತದೆ. ಅದರ ಬದಲು ಆರ್‌ಟಿಎಲ್‌ಡಿ_ಲೇಜಿ ಕೊಟ್ಟರೆ ಅದು ಬಳಸುವವರು ಕೆಲಸದ ಮಧ್ಯೆ ಇರುವಾಗ ಗೊತ್ತಾಗುತ್ತದೆ, ಆಗ ಎಡಿಟರ್ ಸತ್ತುಹೋಗುತ್ತದೆ. ಲೋಕಲ್ ಕೊಡುವುದು, ಒಂದು ಪ್ಲಗಿನ್‌ನ ಹೆಸರುಗಳು ಇನ್ನೊಂದಕ್ಕೆ ಅಂಟದಿರಲಿ ಅಂತ. ಲಿನಕ್ಸ್‌ನಲ್ಲಿ ಏನೂ ಹೇಳದಿದ್ದರೆ ಲೋಕಲ್, ಮ್ಯಾಕ್‌ನಲ್ಲಿ ಏನೂ ಹೇಳದಿದ್ದರೆ ಗ್ಲೋಬಲ್. ಆದ್ದರಿಂದ ಬಾಯಿಬಿಟ್ಟು ಹೇಳಿ. ಆಮೇಲೆ ಡಿಎಲ್‌ಸಿಮ್‌ಗೆ ಪ್ಲಗಿನ್_ಎಂಟ್ರಿ ಅನ್ನುವ ಹೆಸರು ಕೊಟ್ಟರೆ ಫಂಕ್ಷನ್ ಸಿಗುತ್ತದೆ.

ವಿಂಡೋಸ್‌ನಲ್ಲಿ ಲೋಡ್‌ಲೈಬ್ರರಿಎಕ್ಸ್‌ಡಬ್ಲ್ಯೂ, ಆಮೇಲೆ ಗೆಟ್‌ಪ್ರಾಕ್‌ಅಡ್ರೆಸ್. ಕೊನೆಯ ಆ ಡಬ್ಲ್ಯೂ ನಮಗೆ ಬಹಳ ಮುಖ್ಯ. ಅದರ ಬದಲು ಎ ಅನ್ನುವ ರೂಪ ಬಳಸಿದರೆ ಫೈಲ್‌ನ ಹಾದಿ ಹಳೆಯ ಕೋಡ್‌ಪೇಜ್ (ಯೂನಿಕೋಡ್‌ಗೆ ಮೊದಲಿನ ಅಕ್ಷರ ಪಟ್ಟಿ) ಮೂಲಕ ಹೋಗುತ್ತದೆ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಅಂಥ ಕೋಡ್‌ಪೇಜ್ ಇಲ್ಲವೇ ಇಲ್ಲ, ಕನ್ನಡ ಶುರುವಿನಿಂದಲೂ ಯೂನಿಕೋಡ್ ಮಾತ್ರ. ಹಾಗಾಗಿ ಯಾರಾದರೂ ತಮ್ಮ ಫೋಲ್ಡರ್‌ಗೆ "ಕಡತಗಳು" ಅಂತ ಕನ್ನಡದಲ್ಲಿ ಹೆಸರಿಟ್ಟಿದ್ದರೆ ಅದರೊಳಗಿನ ಪ್ಲಗಿನ್ ಲೋಡ್ ಆಗುವುದಿಲ್ಲ. ನಾವು ಕನ್ನಡದಲ್ಲಿ ಹೆಸರಿಡುವವರೇ ಇದನ್ನು ಪರೀಕ್ಷೆ ಮಾಡದಿದ್ದರೆ ಬೇರೆ ಯಾರು ಮಾಡುತ್ತಾರೆ? ಪರೀಕ್ಷೆಗೆ ಒಂದು ಕನ್ನಡ ಹೆಸರಿನ ಫೋಲ್ಡರ್ ಇಟ್ಟುಕೊಳ್ಳಿ, ನಡುವೆ ಒಂದು ಸ್ಪೇಸ್ ಕೂಡ ಇರಲಿ.

ವಿಂಡೋಸ್‌ಗೆ ಕೊಡುವ ಹಾದಿಯಲ್ಲಿ ಹಿಂದೋರೆಗೆರೆಯೇ ಇರಬೇಕು. ಎರಡು ಫ್ಲ್ಯಾಗ್ ಸೇರಿಸಿ ಕೊಡಿ: ಹೆಸರಿನ ಕೊನೆಗೆ ಸರ್ಚ್_ಡಿಎಲ್‌ಎಲ್_ಲೋಡ್_ಡಿಐಆರ್ ಅಂತ ಇರುವುದು ಒಂದು, ಸರ್ಚ್_ಡೀಫಾಲ್ಟ್_ಡಿಐಆರ್‌ಎಸ್ ಅಂತ ಇರುವುದು ಇನ್ನೊಂದು. ಮೊದಲನೆಯದರಿಂದ, ಪ್ಲಗಿನ್‌ಗೆ ಬೇಕಾದ ಬೇರೆ ಡಿಎಲ್‌ಎಲ್‌ಗಳು ಅದರ ಫೋಲ್ಡರ್‌ನಲ್ಲೇ ಸಿಗುತ್ತವೆ. ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ ಪ್ಲಗಿನ್ ಕಟ್ಟುವಾಗ ಆರ್‌ಪಾತ್‌ನಲ್ಲಿ (ಲೈಬ್ರರಿಗಳನ್ನು ಎಲ್ಲಿ ಹುಡುಕಬೇಕು ಅಂತ ಫೈಲ್‌ನೊಳಗೆ ಬರೆದಿಡುವ ಹಾದಿ) ಡಾಲರ್ ಚಿಹ್ನೆ ಹಾಕಿ ಒರಿಜಿನ್ ಅಂತ ಬರೆಯಬೇಕು. ಮ್ಯಾಕ್‌ನಲ್ಲಿ ಲೋಡರ್_ಪಾತ್.

ಆ್ಯಪ್ ಈಗಾಗಲೇ ಕ್ಯೂಟಿ ಅನ್ನುವ ಸಿ++ ಫ್ರೇಮ್‌ವರ್ಕ್ ಮೇಲೆ ನಿಂತಿದ್ದರೆ ಇದೆಲ್ಲ ಕೈಯಾರೆ ಬರೆಯಬೇಕಿಲ್ಲ. ಕ್ಯೂಪ್ಲಗಿನ್‌ಲೋಡರ್ ಇದೆ, ಅದು ಪ್ಲಗಿನ್‌ನ ಮೆಟಾಡೇಟಾವನ್ನು ಲೋಡ್ ಮಾಡದೆಯೇ ಓದುತ್ತದೆ. ಎಸ್‌ಡಿಎಲ್ ಅನ್ನುವ ಲೈಬ್ರರಿ ಬಳಸುವವರಿಗೆ ಎಸ್‌ಡಿಎಲ್_ಲೋಡ್‌ಆಬ್ಜೆಕ್ಟ್ ಇದೆ. ಆದರೆ ಒಪ್ಪಂದದ ಮಾತು ಅಲ್ಲೂ ತಪ್ಪುವುದಿಲ್ಲ.

ಹಂತ 5: ಲೋಡ್ ಆಗದಿದ್ದಾಗ

ಅರ್ಧ ದಿನ ಕಳೆಯುವುದು ಇಲ್ಲೇ. ವಿಂಡೋಸ್‌ನಲ್ಲಿ ಗೆಟ್‌ಲಾಸ್ಟ್‌ಎರರ್ ಕರೆದರೆ ಹೆಚ್ಚಾಗಿ ಸಿಗುವುದು ಮೂರು ಸಂಖ್ಯೆ. 193 ಬಂದರೆ ಫೈಲ್ ಈ ಆ್ಯಪ್‌ಗೆ ಹೊಂದುವುದಿಲ್ಲ, ಸಾಮಾನ್ಯವಾಗಿ 32 ಬಿಟ್, 64 ಬಿಟ್ ಗಲಿಬಿಲಿ. 127 ಬಂದರೆ ಹುಡುಕಿದ ಫಂಕ್ಷನ್ ಇಲ್ಲ. ಎಕ್ಸ್‌ಟರ್ನ್ ಸಿ ಮರೆತಿದ್ದಾರಾ ನೋಡಿ. 126 ಬಂದರೆ ಮಾಡ್ಯೂಲ್ ಸಿಗಲಿಲ್ಲ ಅನ್ನುತ್ತದೆ.

ಈ 126 ನನ್ನನ್ನು ಒಮ್ಮೆ ಬಹಳ ಹೊತ್ತು ಅಲೆಸಿತ್ತು. ಫೈಲ್ ಕಣ್ಣೆದುರೇ ಇದೆ, ಹಾದಿ ಸರಿ ಇದೆ, ಆದರೂ ಸಿಗಲಿಲ್ಲ ಅನ್ನುತ್ತದೆ. ಕೊನೆಗೆ ಗೊತ್ತಾಯಿತು, ಸಿಗದೇ ಇದ್ದದ್ದು ನನ್ನ ಪ್ಲಗಿನ್ ಅಲ್ಲ, ಅದಕ್ಕೆ ಬೇಕಾದ ಇನ್ನೊಂದು ಡಿಎಲ್‌ಎಲ್. ವಿಂಡೋಸ್ ಎರಡಕ್ಕೂ ಅದೇ ಸಂಖ್ಯೆ ಕೊಡುತ್ತದೆ, ಯಾವ ಫೈಲ್ ಅಂತ ಹೇಳುವುದಿಲ್ಲ. ಅದಕ್ಕೇ ಲೋಡ್ ಮಾಡುವ ಮೊದಲು ಫೈಲ್ ಇದೆಯಾ ಅಂತ ನೀವೇ ನೋಡಿ. ಇದ್ದೂ 126 ಬಂದರೆ "ಈ ಪ್ಲಗಿನ್‌ಗೆ ಬೇಕಾದ ಬೇರೊಂದು ಫೈಲ್ ಇಲ್ಲ" ಅಂತ ತೋರಿಸಿ. ಯಾವುದು ಅಂತ ಪತ್ತೆ ಮಾಡಲು ಡಂಪ್‌ಬಿನ್‌ಗೆ ಡಿಪೆಂಡೆಂಟ್ಸ್ ಆಯ್ಕೆ ಕೊಟ್ಟು ಓಡಿಸಿ, ಪಟ್ಟಿ ಸಿಗುತ್ತದೆ. ಪ್ರಾಸೆಸ್ ಮಾನಿಟರ್‌ನಲ್ಲಿ ನೋಡಿದರೆ ಯಾವ ಫೈಲನ್ನು ಎಲ್ಲೆಲ್ಲಿ ಹುಡುಕಿತು ಅಂತ ಸಾಲು ಸಾಲಾಗಿ ಕಾಣುತ್ತದೆ.

ಲಿನಕ್ಸ್ ಈ ವಿಷಯದಲ್ಲಿ ಉದಾರಿ. ಡಿಎಲ್‌ಎರರ್ ಇಡೀ ವಾಕ್ಯ ಕೊಡುತ್ತದೆ, ಸಿಗದ ಲೈಬ್ರರಿಯ ಹೆಸರೂ ಅದರಲ್ಲಿರುತ್ತದೆ. ಒಮ್ಮೆ ಓದಿದರೆ ಅದು ಅಳಿಸಿಹೋಗುತ್ತದೆ, ಹಾಗಾಗಿ ಮೊದಲ ಸಲವೇ ಲಾಗ್‌ಗೆ ಬರೆದುಕೊಳ್ಳಿ. ಇನ್ನೂ ಆಳಕ್ಕೆ ಹೋಗಬೇಕಾದರೆ ಎಲ್‌ಡಿ_ಡೀಬಗ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಲಿಬ್ಸ್ ಅಂತ ಕೊಟ್ಟು ಓಡಿಸಿ. ಮ್ಯಾಕ್‌ನಲ್ಲಿ ಓಟೂಲ್‌ಗೆ ಎಲ್ ಆಯ್ಕೆ. ಕ್ಯೂಟಿಯಲ್ಲಿ ಕ್ಯೂಟಿ_ಡೀಬಗ್_ಪ್ಲಗಿನ್ಸ್‌ಗೆ 1 ಕೊಟ್ಟರೆ ಪ್ರತಿ ಪ್ರಯತ್ನವನ್ನೂ ಬರೆದು ತೋರಿಸುತ್ತದೆ.

ಬಳಸುವವರಿಗೆ ಕಾಣುವ ಸಂದೇಶದಲ್ಲಿ ಪ್ಲಗಿನ್ ಹೆಸರು, ಕಾರಣ, ಮುಂದೇನು ಮಾಡಬೇಕು, ಈ ಮೂರೂ ಇರಲಿ. ಒಂದು ಪ್ಲಗಿನ್ ಲೋಡ್ ಆಗಲಿಲ್ಲ ಅಂತ ಎಡಿಟರ್ ನಿಲ್ಲಬಾರದು.

ಪ್ಲಗಿನ್ ಲೋಡ್ ಆಗುವಾಗಲೇ ಕ್ರ್ಯಾಶ್ ಆದರೆ? ಮುಂದಿನ ಸಲ ತೆರೆದಾಗಲೂ ಅದೇ ಆಗುತ್ತದೆ. ಬಳಸುವವರಿಗೆ ಎಡಿಟರ್ ತೆರೆಯಲೇ ಆಗುವುದಿಲ್ಲ. ಇದಕ್ಕೊಂದು ಸರಳ ಉಪಾಯ ಇದೆ. ಲೋಡ್ ಮಾಡುವ ಮೊದಲು ಪ್ಲಗಿನ್ ಹೆಸರನ್ನು ಒಂದು ಪುಟ್ಟ ಫೈಲ್‌ಗೆ ಬರೆಯಿರಿ. ಶುರು ಮಾಡುವ ಫಂಕ್ಷನ್ ಸರಿಯಾಗಿ ಮುಗಿದ ಮೇಲೆ ಅಳಿಸಿ. ಎಡಿಟರ್ ತೆರೆಯುವಾಗ ಆ ಹೆಸರು ಇನ್ನೂ ಅಲ್ಲೇ ಇದ್ದರೆ, ಹಿಂದಿನ ಸಲ ಅಲ್ಲೇ ಬಿದ್ದಿದೆ ಅಂತ ಅರ್ಥ. ಆ ಪ್ಲಗಿನ್ ಬಿಟ್ಟು ತೆರೆಯಿರಿ, ಆಮೇಲೆ ಕೇಳಿ.

ಹಂತ 6: ಮ್ಯಾಕ್‌ನ ಸಹಿ

2020ರಲ್ಲಿ ಆ್ಯಪಲ್ ಸಿಲಿಕಾನ್ (ಇಂಟೆಲ್ ಬದಲು ಆ್ಯಪಲ್‌ನದೇ ಪ್ರೊಸೆಸರ್) ಬಂದ ಮೇಲೆ ಮ್ಯಾಕ್‌ನಲ್ಲಿ ಎರಡು ಬಗೆಯ ಪ್ರೊಸೆಸರ್ ಲೆಕ್ಕ ಇಡಬೇಕು. ಒಂದೇ ಪ್ರಾಸೆಸ್ ಒಳಗೆ ಎರಡೂ ಬಗೆಯ ಕೋಡ್ ಬೆರೆಯುವುದಿಲ್ಲ. ಆದ್ದರಿಂದ ಪ್ಲಗಿನ್ನನ್ನು ಯೂನಿವರ್ಸಲ್ ಆಗಿ ಕಟ್ಟಿ, ಒಂದೇ ಫೈಲ್‌ನಲ್ಲಿ ಎರಡೂ ಇರಲಿ. ಹೊಸ ಪ್ರೊಸೆಸರ್‌ನಲ್ಲಿ ಡಿಜಿಟಲ್ ಸಹಿ ಇಲ್ಲದ ಕೋಡ್ ಓಡುವುದೇ ಇಲ್ಲ. ಕಡೇ ಪಕ್ಷ ಆಡ್-ಹಾಕ್ ಸಹಿಯಾದರೂ (ಯಾರ ಹೆಸರೂ ಇಲ್ಲದ ಸಹಿ) ಬೇಕು.

ಆ್ಯಪನ್ನು ನೋಟರೈಸ್ ಮಾಡಿಸಲು (ಅಂದರೆ ಆ್ಯಪಲ್‌ಗೆ ಕಳಿಸಿ ಪರೀಕ್ಷೆ ಮಾಡಿಸಲು) ಹಾರ್ಡನ್ಡ್ ರನ್‌ಟೈಮ್ ಅನ್ನುವ ಭದ್ರತಾ ಆಯ್ಕೆ ಹಾಕಲೇಬೇಕು. ಹಾಕಿದ ಕೂಡಲೇ ಲೈಬ್ರರಿ ವ್ಯಾಲಿಡೇಷನ್ ಬರುತ್ತದೆ. ಆಗ ಆ್ಯಪಲ್ ಅಥವಾ ನಿಮ್ಮದೇ ಟೀಮ್ ಸಹಿ ಮಾಡಿದ ಲೈಬ್ರರಿಗಳು ಮಾತ್ರ ಲೋಡ್ ಆಗುತ್ತವೆ. ಹೊರಗಿನವರ ಪ್ಲಗಿನ್‌ಗಳೆಲ್ಲ ಹೊರಗೇ. ನಿಮ್ಮ ಮೆಷಿನ್‌ನಲ್ಲಿ ಪರೀಕ್ಷೆ ಮಾಡುವಾಗ ಎಲ್ಲ ಸರಿ ಇರುತ್ತದೆ, ಬಿಡುಗಡೆ ಆದ ಮೇಲೆ ದೂರು ಬರುತ್ತದೆ. ಡಿಸೇಬಲ್ ಲೈಬ್ರರಿ ವ್ಯಾಲಿಡೇಷನ್ ಅನ್ನುವ ಎಂಟೈಟಲ್‌ಮೆಂಟ್ (ಸಹಿಯ ಜೊತೆ ಬರೆಯುವ ಅನುಮತಿ) ಸೇರಿಸಿ ಸಹಿ ಮಾಡಿ. ಬಿಡುಗಡೆಗೆ ಮೊದಲು ಆ ಸಹಿ ಮಾಡಿದ ಪ್ರತಿಯಲ್ಲೇ ಹೊರಗಿನ ಪ್ಲಗಿನ್ ಹಾಕಿ ನೋಡಿ.

ಹಂತ 7: ಇಳಿಸುವುದು

ಲೋಡ್ ಮಾಡಿದ ಪ್ಲಗಿನ್ನನ್ನು ಮೆಮೊರಿಯಿಂದ ಇಳಿಸಲು ಡಿಎಲ್‌ಕ್ಲೋಸ್, ಫ್ರೀಲೈಬ್ರರಿ ಇವೆ. ನನ್ನ ಸಲಹೆ, ಬಳಸಬೇಡಿ. ಪ್ಲಗಿನ್‌ನ ನಿಲ್ಲಿಸುವ ಫಂಕ್ಷನ್ ಕರೆಯಿರಿ, ಫೈಲನ್ನು ಆ್ಯಪ್ ಮುಚ್ಚುವವರೆಗೂ ಹಾಗೇ ಬಿಡಿ. ಪ್ಲಗಿನ್ ಶುರು ಮಾಡಿದ ಥ್ರೆಡ್ ಒಂದು ಇನ್ನೂ ಓಡುತ್ತಿರಬಹುದು. ಅದು ಕೊಟ್ಟ ಫಂಕ್ಷನ್ ಪಾಯಿಂಟರ್ ನಿಮ್ಮ ಮೆನುವಿನಲ್ಲಿ ಉಳಿದಿರಬಹುದು. ಅದು ಕೊಟ್ಟ ಹೆಸರಿನ ಸ್ಟ್ರಿಂಗ್ ಕೂಡ ಅದರ ಮೆಮೊರಿಯಲ್ಲೇ ಇದೆ. ಇಳಿಸಿದ ಮೇಲೆ ಇವುಗಳಲ್ಲಿ ಯಾವುದನ್ನು ಮುಟ್ಟಿದರೂ ಕ್ರ್ಯಾಶ್. ಇನ್ನು ಆಲ್ಪೈನ್ ಲಿನಕ್ಸ್‌ನಲ್ಲಿರುವ ಮಸಲ್ ಅನ್ನುವ ಸಿ ಲೈಬ್ರರಿಯಲ್ಲಿ ಡಿಎಲ್‌ಕ್ಲೋಸ್ ಏನನ್ನೂ ಇಳಿಸುವುದೇ ಇಲ್ಲ. ಇಳಿಯುತ್ತದೆ ಅಂತ ನಂಬಿ ಬರೆದ ಕೋಡ್ ಅಲ್ಲಿ ನಡೆಯುವುದಿಲ್ಲ.

ಹೊಸ ಆವೃತ್ತಿ ಹಾಕುವಾಗಲೂ ಲೋಡ್ ಆಗಿರುವ ಫೈಲ್ ಮೇಲೆ ಬರೆಯಬೇಡಿ. ವಿಂಡೋಸ್ ಬಿಡುವುದಿಲ್ಲ. ಲಿನಕ್ಸ್ ಬಿಡುತ್ತದೆ, ಆದರೆ ಓಡುತ್ತಿರುವ ಎಡಿಟರ್ ಬಿದ್ದುಹೋಗುತ್ತದೆ. ಮ್ಯಾಕ್‌ನಲ್ಲಿ ಸಹಿ ಕೆಟ್ಟು ಆ್ಯಪನ್ನು ಸಿಸ್ಟಮ್ಮೇ ಕೊಲ್ಲುತ್ತದೆ. ಹೊಸದನ್ನು ಬೇರೆ ಹೆಸರಲ್ಲಿ ಡೌನ್‌ಲೋಡ್ ಮಾಡಿಕೊಂಡು, ಮುಂದಿನ ಸಲ ತೆರೆಯುವಾಗ ಹೆಸರು ಬದಲಿಸಿ. ಪ್ಲಗಿನ್ ಬರೆಯುವವರಿಗೆ ಪದೇ ಪದೇ ಬದಲಿಸಿ ನೋಡುವ ಅನುಕೂಲ ಬೇಕಾದರೆ, ಪ್ರತಿ ಸಲವೂ ಫೈಲನ್ನು ಹೊಸ ಹೆಸರಿಗೆ ಕಾಪಿ ಮಾಡಿ ಆ ಕಾಪಿಯನ್ನು ಲೋಡ್ ಮಾಡಿ.

ಒಳಗೆ ಬಿಡಬೇಕೇ ಅನ್ನುವ ಪ್ರಶ್ನೆ

ಹೀಗೆ ಲೋಡ್ ಆದ ಪ್ಲಗಿನ್‌ಗೆ ಎಡಿಟರ್‌ಗೆ ಇರುವ ಎಲ್ಲ ಅಧಿಕಾರವೂ ಇರುತ್ತದೆ. ಬಳಸುವವರ ಯಾವ ಫೈಲನ್ನಾದರೂ ಓದಬಹುದು, ಅಳಿಸಬಹುದು. ಬ್ರೌಸರ್‌ಗಳು ಹಳೆಯ ಎನ್‌ಪಿಎಪಿಐ ಪ್ಲಗಿನ್‌ಗಳನ್ನು ಕೈಬಿಡಲು ಭದ್ರತೆ ಮತ್ತು ಕ್ರ್ಯಾಶ್ ದೊಡ್ಡ ಕಾರಣ. ಕ್ರೋಮ್ 2015ರಲ್ಲಿ ಬಿಟ್ಟಿತು, ಫೈರ್‌ಫಾಕ್ಸ್ 2017ರಲ್ಲಿ ಫ್ಲ್ಯಾಶ್ ಒಂದನ್ನು ಉಳಿಸಿಕೊಂಡು ಉಳಿದವನ್ನು ಬಿಟ್ಟಿತು. ನಿಮ್ಮ ಪ್ಲಗಿನ್‌ಗಳು ಗೊತ್ತಿರುವ ನಾಲ್ಕು ಜನ ಬರೆದವಾದರೆ ಮೇಲಿನ ದಾರಿ ಸಾಕು. ಯಾರು ಬೇಕಾದರೂ ಹಾಕಬಹುದು ಅಂತಾದರೆ ಪ್ಲಗಿನ್ನನ್ನು ಬೇರೆ ಪ್ರಾಸೆಸ್‌ನಲ್ಲಿ ಓಡಿಸುವುದನ್ನು ಯೋಚಿಸಿ. ಚಿತ್ರ ತಿದ್ದುವ ಗಿಂಪ್‌ನಲ್ಲಿ ಪ್ಲಗಿನ್‌ಗಳು ಹಾಗೇ ಓಡುತ್ತವೆ. ಒಂದು ಬಿದ್ದರೂ ಚಿತ್ರ ಉಳಿಯುತ್ತದೆ. ಪಠ್ಯ ಬದಲಿಸುವಂಥ ಕೆಲಸಕ್ಕೆ ವೆಬ್‌ಅಸೆಂಬ್ಲಿಯೂ (ಯಾವ ಸಿಸ್ಟಮ್‌ಗೂ ಅಂಟಿಕೊಳ್ಳದ ಕೋಡ್ ರೂಪ) ಚೆನ್ನಾಗಿ ಹೊಂದುತ್ತದೆ. ಒಂದೇ ಫೈಲ್ ಮೂರೂ ಕಡೆ ಓಡುತ್ತದೆ, ನೀವು ಕೊಟ್ಟದ್ದನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಐಫೋನ್‌ಗೂ ಎಡಿಟರ್ ಒಯ್ಯುವ ಆಸೆ ಇದ್ದರೆ ಇದನ್ನು ಈಗಲೇ ನೆನಪಿಡಿ: ಆಮೇಲೆ ಡೌನ್‌ಲೋಡ್ ಮಾಡಿಕೊಂಡ ಲೈಬ್ರರಿಯನ್ನು ಲೋಡ್ ಮಾಡಲು ಅಲ್ಲಿ ಅವಕಾಶವಿಲ್ಲ.

ಶುರು ಮಾಡುವವರು ಈ ವಾರ ಹೆಡರ್ ಒಂದನ್ನೇ ಬರೆಯಿರಿ. ಏನೂ ಬದಲಿಸದೆ ಕೊಟ್ಟ ಪಠ್ಯವನ್ನೇ ವಾಪಸ್ ಕೊಡುವ ಒಂದು ಪ್ಲಗಿನ್ ಮಾಡಿ. ಅದನ್ನು ಮೂರೂ ಸಿಸ್ಟಮ್‌ನಲ್ಲಿ, ಕನ್ನಡ ಹೆಸರಿನ ಫೋಲ್ಡರ್‌ನಿಂದ ಲೋಡ್ ಮಾಡಿ ನೋಡಿ. ಅದು ಓಡಿದ ಮೇಲೆ ನುಡಿ ಫೈಲ್ ತೆರೆಯಿರಿ.